ಸರ್ಕಾರಿ ಅಭಿಯೋಜಕರನ್ನು ಕೇಳುವವರು ಯಾರು?

ಕ್ರಿಮಿನಲ್ ಮೇಲ್ಮನವಿಯ ಕುರಿತು ಹಿಂದಿನ ಸಂಚಿಕೆಯಲ್ಲಿ ಬರೆದ ಸಣ್ಣ ಉತ್ತರಕ್ಕೆ ಶಿವಮೊಗ್ಗ ಜಿಲ್ಲೆಯೊಂದರಿಂದಲೇ ಇಷ್ಟೊಂದು ಪತ್ರಗಳು ಬಂದಾವೆಂದು ನಾನು ಎಣಿಸಿರಲಿಲ್ಲ. ಬರೆದವರ ಕಷ್ಟಗಳು ಬೇರೆ ಬೇರೆಯಾದರೂ ಎಲ್ಲರ ಪ್ರಶ್ನೆ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ: ನ್ಯಾಯಾಲಯದಲ್ಲಿ ಸರ್ಕಾರದ ಪರವಾಗಿ ಪ್ರಕರಣ ನಡೆಸುವ ಪಿ.ಪಿ. (ಸರ್ಕಾರಿ ಅಭಿಯೋಜಕರು), ಎ.ಪಿ.ಪಿ.ಯವರು (ಸಹಾಯಕ ಸರ್ಕಾರಿ ಅಭಿಯೋಜಕರು) ತಮ್ಮ ಕರ್ತವ್ಯದಲ್ಲಿ ತಪ್ಪಿದರೆ ಅವರನ್ನು ಕೇಳುವವರು ಯಾರು? ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಪ್ರಕರಣಗಳ ಗುರುತು ಸಿಗಬಾರದೆಂದು ಬರೆದವರ ಹೆಸರನ್ನೂ ಕೆಲವು ವಿವರಗಳನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ತೋಟದ ಅಗಳಿನ ತಕರಾರಿನಲ್ಲಿ ನಡೆದ ಹೊಡೆದಾಟದಲ್ಲಿ ನಾಲ್ಕು ವರ್ಷದ ಹಿಂದೆ ನನ್ನ ತಮ್ಮ ತೀರಿಕೊಂಡ. ಕಣ್ಣಾರೆ ಕಂಡವರು ಇಬ್ಬರು ಕೆಲಸದವರು. ಒಬ್ಬ ಕೋರ್ಟಿನಲ್ಲಿ ತಿರುಗಿಬಿದ್ದ. ಇನ್ನೊಬ್ಬ ಮೂರು ವಾಯಿದೆಗೆ ಬಸ್ಸು ಹಿಡಿದು ಬಂದು ಸಂಜೆಯವರೆಗೆ ಕಾದರೂ ಅವನನ್ನು ಕಟಕಟೆಗೆ ಕರೆಯಲೇ ಇಲ್ಲ; ಪಿ.ಪಿ.ಯವರು ಆ ಸಾಕ್ಷಿಯನ್ನು ಕೈಬಿಟ್ಟರಂತೆ. ಏಕೆಂದು ಕೇಳಿದ್ದಕ್ಕೆ 'ಅದೆಲ್ಲ ನಿಮಗೆ ತಿಳಿಯುವುದಿಲ್ಲ' ಎಂದರು. ಕಳೆದ ತಿಂಗಳು ಆರೋಪಿಗಳೆಲ್ಲ ಖುಲಾಸೆಯಾದರು. ನಾವು ಇನ್ನು ಏನು ಮಾಡಬಹುದು? (ಹೊಸನಗರ ತಾಲ್ಲೂಕು)

ಉತ್ತರ: ಮೊದಲು ಕಾಲಮಿತಿಯ ಮಾತು, ಏಕೆಂದರೆ ದುಃಖದಲ್ಲಿ ದಿನ ಕಳೆದದ್ದು ತಿಳಿಯುವುದಿಲ್ಲ. ತೀರ್ಪು, ಸಾಕ್ಷಿಗಳ ಹೇಳಿಕೆ ಮತ್ತು ಆರ್ಡರ್ ಶೀಟ್ (ಪ್ರತಿ ವಾಯಿದೆಯಲ್ಲಿ ನಡೆದದ್ದನ್ನು ನ್ಯಾಯಾಲಯ ಬರೆದಿಡುವ ಹಾಳೆ), ಈ ಮೂರರ ದೃಢೀಕೃತ ನಕಲಿಗೆ ನಾಳೆಯೇ ಅರ್ಜಿ ಹಾಕಿ. ನೊಂದವರು ಖುಲಾಸೆಯ ವಿರುದ್ಧ ತಾವೇ ಮೇಲ್ಮನವಿ ಸಲ್ಲಿಸುವ ಹಕ್ಕು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 372ನೇ ಕಲಮಿನ ಪರಂತುಕದಲ್ಲಿ, ಅಂದರೆ ಕಲಮಿಗೆ ಸೇರಿಸಿದ ಷರತ್ತಿನಲ್ಲಿ, ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 413ನೇ ಕಲಮಿನಲ್ಲಿದೆ. ಇದಕ್ಕೆ ಹೈಕೋರ್ಟಿನ ಪೂರ್ವಾನುಮತಿ ಬೇಕಿಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಮಾನಿಸಿದ್ದು ನಮ್ಮ ರಾಜ್ಯದ ಪ್ರಕರಣದಲ್ಲೇ, ಮಲ್ಲಿಕಾರ್ಜುನ ಕೊಡಗಲಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ತೀರ್ಪಿನಲ್ಲಿ. ಆದರೆ ಒಂದು ಎಚ್ಚರಿಕೆ. ಕಾನೂನಿನ ದೃಷ್ಟಿಯಲ್ಲಿ 'ನೊಂದವರು' ಎಂದರೆ ಮೃತರ ಪೋಷಕರು ಅಥವಾ ವಾರಸುದಾರರು. ತಮ್ಮನ ಹೆಂಡತಿ, ಮಕ್ಕಳು, ತಾಯಿ ಇದ್ದಲ್ಲಿ ಅವರ ಹೆಸರಿನಲ್ಲೇ ಮೇಲ್ಮನವಿ ಹೋಗಲಿ, ಅಣ್ಣನ ಹೆಸರಿನಲ್ಲಿ ಹೋಗಿ ಆಮೇಲೆ ತಕರಾರು ಬರುವುದು ಬೇಡ. ಶಿವಮೊಗ್ಗ ಜಿಲ್ಲೆಯ ಪ್ರಕರಣಗಳು ಧಾರವಾಡ ಪೀಠಕ್ಕಲ್ಲ, ಬೆಂಗಳೂರಿನ ಪ್ರಧಾನ ಪೀಠಕ್ಕೆ ಹೋಗುತ್ತವೆ. ತೀರ್ಪಿನ ದಿನದಿಂದ 90 ದಿನಗಳ ಒಳಗೇ ಸಲ್ಲಿಸುವುದು ಕ್ಷೇಮ. ವಕೀಲರ ಶುಲ್ಕ ಭರಿಸುವ ಶಕ್ತಿ ಇಲ್ಲದಿದ್ದರೆ ತಮ್ಮನ ಹೆಂಡತಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಲಿ; ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾಯ್ದೆ ಹೇಳುತ್ತದೆ.

ಇನ್ನು ಸಾಕ್ಷಿಯನ್ನು ಕೈಬಿಟ್ಟ ವಿಚಾರ. ದೋಷಾರೋಪ ಪಟ್ಟಿಯಲ್ಲಿರುವ ಪ್ರತಿಯೊಬ್ಬ ಸಾಕ್ಷಿಯನ್ನೂ ವಿಚಾರಿಸಲೇಬೇಕೆಂಬ ನಿಯಮವಿಲ್ಲ. ಒಂದೇ ಸಂಗತಿಗೆ ಐವರು ಸಾಕ್ಷಿಗಳಿದ್ದರೆ ಇಬ್ಬರನ್ನು ವಿಚಾರಿಸಿ ಮೂವರನ್ನು ಬಿಡಬಹುದು. ಸಾಕ್ಷಿಯನ್ನು ಎದುರು ಪಕ್ಷದವರು ತಮ್ಮ ಕಡೆ ಮಾಡಿಕೊಂಡಿದ್ದಾರೆಂದು ಖಚಿತವಾದರೂ ಬಿಡಬಹುದು. ಈ ವಿವೇಚನೆಯನ್ನು ಕಾನೂನು ಪಿ.ಪಿ.ಯವರಿಗೆ ಕೊಟ್ಟಿದೆ. ಆದರೆ ನೀವು ಬರೆದಿರುವಂತೆ ಇದ್ದದ್ದೇ ಇಬ್ಬರು ಪ್ರತ್ಯಕ್ಷದರ್ಶಿಗಳಾಗಿದ್ದು, ಒಬ್ಬ ತಿರುಗಿಬಿದ್ದ ಮೇಲೆ, ಮೂರು ಸಲ ಬಂದು ಹೊರಗೆ ಕುಳಿತಿದ್ದ ಇನ್ನೊಬ್ಬನನ್ನು ಬಿಟ್ಟದ್ದು ನಿಜವಾದರೆ ಅದಕ್ಕೆ ವಿವರಣೆ ಬೇಕೇಬೇಕು. ನಮ್ಮ ನ್ಯಾಯಾಲಯಗಳಲ್ಲಿ ಸಾಮಾನ್ಯವಾಗಿ ಆಗುವುದೇನೆಂದರೆ, 'ಸಿ.ಡಬ್ಲ್ಯು. 4ನ್ನು (ದೋಷಾರೋಪ ಪಟ್ಟಿಯ ನಾಲ್ಕನೇ ಸಾಕ್ಷಿಯನ್ನು) ಕೈಬಿಡಲಾಗಿದೆ' ಎಂಬ ಒಂದು ಸಾಲು ಆರ್ಡರ್ ಶೀಟಿನಲ್ಲಿ ಬಂದು ಕುಳಿತುಕೊಳ್ಳುತ್ತದೆ. ಏಕೆ ಎಂಬುದು ಅಲ್ಲಿ ಇರುವುದಿಲ್ಲ. ಒಬ್ಬ ಮನುಷ್ಯನ ಸಾವಿಗೆ ಸಂಬಂಧಿಸಿದ ತೀರ್ಮಾನವೊಂದು ಕಾರಣದ ಗುರುತೇ ಉಳಿಯದಂತೆ ಆಗಿಹೋಗುತ್ತದೆಂಬುದನ್ನು ಈ ಅಂಕಣದುದ್ದಕ್ಕೂ ನೆನಪಿನಲ್ಲಿಡಬೇಕೆಂದು ಓದುಗರಲ್ಲಿ ಕೋರುತ್ತೇನೆ.

ವಿಚಾರಣೆ ನಡೆಯುತ್ತಿದ್ದಾಗಲೇ ಇದಕ್ಕೆ ಪರಿಹಾರವಿತ್ತು. ಯಾವುದೇ ಹಂತದಲ್ಲಿ ಯಾವುದೇ ಸಾಕ್ಷಿಯನ್ನು ಕರೆಸುವ ಅಧಿಕಾರ ನ್ಯಾಯಾಲಯಕ್ಕೆ ಹಳೆಯ 311ನೇ, ಈಗಿನ 348ನೇ ಕಲಮಿನಲ್ಲಿದೆ. ಗುಜರಾತಿನ ಬೆಸ್ಟ್ ಬೇಕರಿ ಪ್ರಕರಣದಲ್ಲಿ ಸರ್ಕಾರಿ ಅಭಿಯೋಜಕರು ಆರೋಪಿಗಳ ವಕೀಲರಂತೆಯೇ ನಡೆದುಕೊಂಡಂತೆ ಕಾಣುತ್ತದೆಂದು ಸುಪ್ರೀಂ ಕೋರ್ಟು 2004ರಲ್ಲಿ ಕಟುವಾಗಿ ಹೇಳಿ, ಈ ಅಧಿಕಾರವನ್ನು ಬಳಸದೆ ಸುಮ್ಮನಿದ್ದ ವಿಚಾರಣಾ ನ್ಯಾಯಾಲಯವನ್ನೂ ಆಕ್ಷೇಪಿಸಿ, ಮಹಾರಾಷ್ಟ್ರದಲ್ಲಿ ಮರುವಿಚಾರಣೆಗೆ ಆದೇಶಿಸಿತು. ನಿಮ್ಮ ಮೇಲ್ಮನವಿಯಲ್ಲಿ ಈ ಅಂಶವನ್ನು ಎತ್ತಿ, ಬಿಟ್ಟುಹೋದ ಸಾಕ್ಷಿಯ ಹೇಳಿಕೆಯನ್ನು ಹೆಚ್ಚುವರಿ ಸಾಕ್ಷ್ಯವಾಗಿ ಪಡೆಯುವಂತೆ 432ನೇ ಕಲಮಿನ ಅಡಿ, ಅಂದರೆ ಹಳೆಯ 391ರ ಅಡಿ, ಕೋರಬಹುದು. ಸಿಕ್ಕೇ ಸಿಗುತ್ತದೆಂದು ನಾನು ಭರವಸೆ ಕೊಡಲಾರೆ. ಕೋರದೆ ಇದ್ದರಂತೂ ಸಿಗುವುದಿಲ್ಲ.

ನೀವು ಸ್ವಂತ ವಕೀಲರನ್ನು ಇಟ್ಟುಕೊಂಡಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಇಟ್ಟುಕೊಳ್ಳಬಹುದಿತ್ತು, 2009ರ ಕೊನೆಯಿಂದ ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ಆದರೆ ಅವರು ಅಭಿಯೋಜಕರಿಗೆ ಸಹಾಯಕರಷ್ಟೇ. ಪಿ.ಪಿ.ಯವರ ನಿರ್ದೇಶನದಂತೆ ಕೆಲಸ ಮಾಡಬೇಕು. ನ್ಯಾಯಾಲಯ ಅನುಮತಿಸಿದರೆ ಕೊನೆಯಲ್ಲಿ ಲಿಖಿತ ವಾದ ಸಲ್ಲಿಸಬಹುದು. ಸ್ವತಂತ್ರವಾಗಿ ಪಾಟೀ ಸವಾಲು ನಡೆಸುವುದಾಗಲಿ ಮೌಖಿಕ ವಾದ ಮಂಡಿಸುವುದಾಗಲಿ ಸಾಧ್ಯವಿಲ್ಲವೆಂದು 2019ರ ರೇಖಾ ಮುರಾರ್ಕಾ ತೀರ್ಪು ಸ್ಪಷ್ಟಪಡಿಸಿದೆ. ಅಂದರೆ ಯಾರ ಮೇಲೆ ನಿಮಗೆ ಅನುಮಾನವೋ ಅವರ ಅಪ್ಪಣೆಯಲ್ಲೇ ನಿಮ್ಮ ವಕೀಲರು ಇರಬೇಕಾಗುತ್ತದೆ.

ಮೇಲ್ಮನವಿಯೇ ಬೇರೆ, ದೂರೇ ಬೇರೆ; ಒಂದನ್ನು ಹಾಕಿದ್ದರಿಂದ ಇನ್ನೊಂದಕ್ಕೆ ಅಡ್ಡಿಯಿಲ್ಲ. ದೂರನ್ನು ಅಭಿಯೋಜನೆ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆಯ ನಿರ್ದೇಶಕರಿಗೆ ಬರೆಯಿರಿ, ಒಂದು ಪ್ರತಿಯನ್ನು ಒಳಾಡಳಿತ ಇಲಾಖೆಗೆ ಕಳುಹಿಸಿ. 'ಪಿ.ಪಿ. ಆರೋಪಿಗಳ ಜೊತೆ ಶಾಮೀಲಾಗಿದ್ದರು' ಎಂದು ಬರೆಯಬೇಡಿ, ಅದಕ್ಕೆ ನಿಮ್ಮಲ್ಲಿ ಪುರಾವೆಯಿಲ್ಲ. ಸಾಕ್ಷಿ ಹಾಜರಾದ ಮೂರು ದಿನಾಂಕಗಳು, ಕೈಬಿಟ್ಟ ದಿನಾಂಕ, ಆರ್ಡರ್ ಶೀಟಿನ ನಕಲು, ಇಷ್ಟನ್ನು ಲಗತ್ತಿಸಿ ಕಾರಣವೇನೆಂದು ಕೇಳಿರಿ. ಗುಜರಾತ್ ರಾಜ್ಯ ವಿರುದ್ಧ ಕಿಶನ್‌ಭಾಯಿ ಪ್ರಕರಣದಲ್ಲಿ 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪ್ರತಿ ರಾಜ್ಯದ ಒಳಾಡಳಿತ ಇಲಾಖೆಗೂ ಒಂದು ಆದೇಶ ಕೊಟ್ಟಿದೆ. ಪೊಲೀಸ್ ಮತ್ತು ಅಭಿಯೋಜನೆಯ ಹಿರಿಯ ಅಧಿಕಾರಿಗಳ ಸ್ಥಾಯಿ ಸಮಿತಿಯೊಂದು ಪ್ರತಿಯೊಂದು ಖುಲಾಸೆಯನ್ನೂ ಪರಿಶೀಲಿಸಿ, ಪ್ರಕರಣ ಬಿದ್ದುಹೋದದ್ದು ಏಕೆಂದು ದಾಖಲಿಸಬೇಕು. ತಪ್ಪು ಮಾಡಿದ ಅಧಿಕಾರಿಗಳ ಮೇಲೆ ಇಲಾಖಾ ಕ್ರಮ ಆಗಬೇಕು. ನಿಮ್ಮ ದೂರಿನಲ್ಲಿ ಆ ತೀರ್ಪನ್ನು ಹೆಸರಿಸಿ, ನಮ್ಮ ಪ್ರಕರಣದ ಪರಿಶೀಲನೆ ಯಾವ ದಿನ ನಡೆಯಿತೆಂದು ಕೇಳಿ. ಅದೇ ಪ್ರಶ್ನೆಯನ್ನು 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿಯಲ್ಲೂ ಹಾಕಬಹುದು, 30 ದಿನಗಳಲ್ಲಿ ಉತ್ತರ ಕೊಡಬೇಕಾಗುತ್ತದೆ.

ಖುಲಾಸೆಯ ವಿರುದ್ಧ ಸರ್ಕಾರವೂ ಮೇಲ್ಮನವಿ ಹೋಗಬಹುದಲ್ಲವೇ ಎಂದರೆ, ಹೋಗಬಹುದು. ಆದರೆ ಹೋಗುವುದು ಸೂಕ್ತವೇ ಎಂಬ ಮೊದಲ ಅಭಿಪ್ರಾಯವನ್ನು ಬರೆಯುವವರು ಸಾಮಾನ್ಯವಾಗಿ ಆ ಪ್ರಕರಣವನ್ನು ನಡೆಸಿದ ಪಿ.ಪಿ.ಯವರೇ. ಸಾಕ್ಷಿಯನ್ನು ಬಿಟ್ಟವರೇ ಬಿಟ್ಟದ್ದರಿಂದ ಪ್ರಕರಣ ಕೆಟ್ಟಿತೇ ಎಂದು ಹೇಳಬೇಕಾದ ಈ ಏರ್ಪಾಟು ನನಗೆ ಎಂದೂ ಸರಿ ಕಂಡಿಲ್ಲ.

ಪ್ರಶ್ನೆ: ನನ್ನ ಮಗ ಅಡಿಕೆ ಮಂಡಿಯಲ್ಲಿ ಹಮಾಲಿ. ರಾತ್ರಿ ಮೂಟೆ ಕಳುವಾದ ಪ್ರಕರಣದಲ್ಲಿ ಅವನನ್ನು ಸೇರಿಸಿದ್ದಾರೆ. ಆ ಹೊತ್ತಿಗೆ ಅವನು ಬೇರೆ ಮಂಡಿಯಲ್ಲಿ ಲಾರಿಗೆ ಲೋಡು ಮಾಡುತ್ತಿದ್ದನೆಂಬುದು ಅಲ್ಲಿಯ ಸಿ.ಸಿ.ಟಿ.ವಿ.ಯಲ್ಲಿದೆ. ಪೊಲೀಸರು ಆ ಹಾರ್ಡ್ ಡಿಸ್ಕನ್ನು ತೆಗೆದುಕೊಂಡು ಹೋದರು, ಆದರೆ ಚಾರ್ಜ್‌ಶೀಟಿನಲ್ಲಿ ಅದರ ಸುದ್ದಿಯೇ ಇಲ್ಲ. ಎ.ಪಿ.ಪಿ. ಸಾಹೇಬರು 'ಪೊಲೀಸರು ಕೊಟ್ಟದ್ದನ್ನು ನಾನು ನಡೆಸುತ್ತೇನೆ' ಎನ್ನುತ್ತಾರೆ. (ಶಿವಮೊಗ್ಗ ನಗರ)

ಉತ್ತರ: ತಾಯಿ, ಆ ಮಾತು ಕಾನೂನಿಗೆ ಒಪ್ಪುವಂಥದ್ದಲ್ಲ. ಅಭಿಯೋಜಕರು ತನಿಖಾ ಸಂಸ್ಥೆಯ ಭಾಗವಲ್ಲ, ಪೊಲೀಸರು ಕೊಟ್ಟದ್ದನ್ನು ಮುಂದಕ್ಕೆ ದಾಟಿಸುವ ಅಂಚೆ ಕಚೇರಿಯೂ ಅಲ್ಲವೆಂದು 1994ರಷ್ಟು ಹಿಂದೆಯೇ ಹಿತೇಂದ್ರ ವಿಷ್ಣು ಠಾಕೂರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹೇಗಾದರೂ ಮಾಡಿ ಶಿಕ್ಷೆ ಕೊಡಿಸಬೇಕೆಂಬ ಹಟ ಅವರಿಗೆ ಇರಕೂಡದು, ಆರೋಪಿಗೆ ಅನುಕೂಲವಾದ ಸಂಗತಿಯಿದ್ದರೆ ಅದನ್ನು ನ್ಯಾಯಾಲಯದ ಗಮನಕ್ಕೆ ತರುವುದೂ ಅವರ ಕರ್ತವ್ಯವೆಂದು 1999ರ ಶಿವಕುಮಾರ್ ವಿರುದ್ಧ ಹುಕುಂ ಚಂದ್ ತೀರ್ಪು ತಿಳಿಸುತ್ತದೆ.

ನಿಮ್ಮ ವಕೀಲರು ಮಾಡಬೇಕಾದ ಕೆಲಸ ಇಷ್ಟು. ಹಾರ್ಡ್ ಡಿಸ್ಕನ್ನು ತೆಗೆದುಕೊಂಡು ಹೋದಾಗ ಬರೆದ ಜಪ್ತಿ ಮಹಜರು ಮತ್ತು ನ್ಯಾಯಾಲಯಕ್ಕೆ ಕಳುಹಿಸಿದ ಪಿ.ಎಫ್.ನಲ್ಲಿ (ವಶಪಡಿಸಿಕೊಂಡ ವಸ್ತುಗಳ ಪಟ್ಟಿಯಲ್ಲಿ) ಅದರ ಉಲ್ಲೇಖವಿದೆಯೇ ಎಂದು ನೋಡಲಿ. ಘಟನೆ 2024ರ ಜುಲೈ ನಂತರದ್ದಾದರೆ ಜಪ್ತಿಯನ್ನು ವಿಡಿಯೋ ಮಾಡಿರಬೇಕು, ಹೊಸ ಸಂಹಿತೆಯ 105ನೇ ಕಲಂ ಅದನ್ನು ಕಡ್ಡಾಯ ಮಾಡಿದೆ. ಆಮೇಲೆ, ಪೊಲೀಸರು ಸಂಗ್ರಹಿಸಿಯೂ ಆಧರಿಸದೆ ಬಿಟ್ಟಿರುವ ವಸ್ತು ಮತ್ತು ದಾಖಲೆಗಳ ಪಟ್ಟಿಯನ್ನು ಕೊಡುವಂತೆ ಅರ್ಜಿ ಹಾಕಲಿ. ಕ್ರಿಮಿನಲ್ ವಿಚಾರಣೆಗಳಲ್ಲಿನ ಕೊರತೆಗಳ ಕುರಿತು ತಾನೇ ಕೈಗೆತ್ತಿಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಏಪ್ರಿಲ್ 20ರಂದು ಅಂಗೀಕರಿಸಿದ ಕರಡು ನಿಯಮಗಳು ಇಂಥ ಪಟ್ಟಿಯನ್ನು ಆರೋಪಿಗೆ ಕೊಡಲೇಬೇಕೆನ್ನುತ್ತವೆ. ಮುಂದಿನ ವರ್ಷದ ಪೊನ್ನುಸಾಮಿ ತೀರ್ಪು ಅದನ್ನೇ ಮತ್ತೆ ಹೇಳಿದೆ. ಕರ್ನಾಟಕದಿಂದಲೇ ಹೋದ ನಿತ್ಯ ಧರ್ಮಾನಂದ ಪ್ರಕರಣದಲ್ಲಿ, ತನಿಖಾಧಿಕಾರಿ ಬಚ್ಚಿಟ್ಟ ವಸ್ತು ಪ್ರಶ್ನಾತೀತ ಗುಣಮಟ್ಟದ್ದಾಗಿದ್ದರೆ ಆರೋಪ ನಿಗದಿಯ ಹಂತದಲ್ಲೂ ನ್ಯಾಯಾಲಯ ಅದನ್ನು ತರಿಸಬಹುದೆಂದು 2017ರಲ್ಲಿ ತೀರ್ಮಾನವಾಗಿದೆ.

ಇದೆಲ್ಲಕ್ಕಿಂತ ಮೊದಲು, ಮಗ ಕೆಲಸ ಮಾಡುತ್ತಿದ್ದ ಮಂಡಿಯ ಮಾಲೀಕರಿಗೆ ಇಂದೇ ಒಂದು ಪತ್ರ ಕೊಟ್ಟು, ಆ ರಾತ್ರಿಯ ದೃಶ್ಯದ ಪ್ರತಿ ಬೇರೆಲ್ಲಾದರೂ ಉಳಿದಿದ್ದರೆ ಅಳಿಸದೆ ಇಡುವಂತೆ ಕೋರಿ, ಸ್ವೀಕೃತಿ ಪಡೆಯಿರಿ. ಬಹುತೇಕ ಕ್ಯಾಮೆರಾಗಳು ಕೆಲವೇ ವಾರಗಳಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆದುಬಿಡುತ್ತವೆ. ಲಾರಿಯ ಲೋಡಿಂಗ್ ಚೀಟಿ ಇದ್ದರೆ ಅದೂ ಉಪಯೋಗಕ್ಕೆ ಬಂದೀತು.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ನ್ಯಾಯಾಧೀಶರ ಮೇಲೆ ಹೈಕೋರ್ಟ್ ಇದೆ, ವಕೀಲರ ಮೇಲೆ ಪರಿಷತ್ತು ಇದೆ, ಪೊಲೀಸರ ಮೇಲೆ ದೂರು ಪ್ರಾಧಿಕಾರವಿದೆ. ಅಭಿಯೋಜಕರ ಮೇಲೆ ಯಾರಿದ್ದಾರೆ? (ಸಾಗರ)

ಉತ್ತರ: ಕಾಗದದ ಮೇಲೆ ಸಾಕಷ್ಟು ಜನರಿದ್ದಾರೆ. ಬಹಳ ಹಿಂದೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ ಪೊಲೀಸ್ ಅಧಿಕಾರಿಗಳೇ ಪ್ರಕರಣ ನಡೆಸುತ್ತಿದ್ದರು. ಇದು ತಪ್ಪು, ಅಭಿಯೋಜನೆ ಪೊಲೀಸರಿಂದ ಬೇರ್ಪಡಬೇಕೆಂದು ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ 1958ರಲ್ಲೇ ಹೇಳಿತು. 1973ರ ಸಂಹಿತೆ ಆ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿತು. ಆದರೂ ಕೆಲವು ಕಡೆ ಎ.ಪಿ.ಪಿ.ಗಳು ಪೊಲೀಸ್ ಇಲಾಖೆಯ ಹಿಡಿತದಲ್ಲೇ ಉಳಿದಿದ್ದರಿಂದ 1995ರಲ್ಲಿ ಮಹಾರಾಷ್ಟ್ರದ ಶಹಾಣೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅವರಿಗೆ ಪ್ರತ್ಯೇಕ ವೃಂದ ರಚಿಸುವಂತೆ ನಿರ್ದೇಶಿಸಬೇಕಾಯಿತು. ಅಭಿಯೋಜನಾ ನಿರ್ದೇಶನಾಲಯ ಎಂಬುದು ಸಂಹಿತೆಯೊಳಗೆ 25ಎ ಕಲಮಾಗಿ ಬಂದದ್ದು 2005ರ ತಿದ್ದುಪಡಿಯಲ್ಲಿ. ಈಗ ಅದು 20ನೇ ಕಲಂ. ಜಿಲ್ಲೆಗೊಂದು ನಿರ್ದೇಶನಾಲಯಕ್ಕೂ ಅವಕಾಶವಿದೆ. ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಪ್ರಕರಣಗಳನ್ನು ನಿರ್ದೇಶಕರೂ, ಏಳರಿಂದ ಹತ್ತು ವರ್ಷದೊಳಗಿನವನ್ನು ಉಪ ನಿರ್ದೇಶಕರೂ, ಅದಕ್ಕಿಂತ ಕೆಳಗಿನವನ್ನು ಸಹಾಯಕ ನಿರ್ದೇಶಕರೂ ಗಮನಿಸಬೇಕೆಂದು ಹೊಸ ಸಂಹಿತೆ ಕೆಲಸ ಹಂಚಿದೆ. ಹಿಂದೆ ಇಷ್ಟು ಸ್ಪಷ್ಟವಾದ ಹಂಚಿಕೆ ಇರಲಿಲ್ಲ, ಆ ಮಟ್ಟಿಗೆ ಇದು ಒಳ್ಳೆಯದೇ.

ನನ್ನ ಆಕ್ಷೇಪ ಬೇರೆ ಕಡೆಯಿದೆ. ನಿರ್ದೇಶಕರು ಯಾರ ಆಡಳಿತ ನಿಯಂತ್ರಣದಲ್ಲಿದ್ದಾರೆ? ರಾಜ್ಯದ ಒಳಾಡಳಿತ ಇಲಾಖೆಯ ನಿಯಂತ್ರಣದಲ್ಲಿ. ಪೊಲೀಸರು ಇರುವುದೂ ಅದೇ ಇಲಾಖೆಯ ಕೆಳಗೆ. ಹಳೆಯ 25ಎ ಕಲಮಿನಲ್ಲಿ ನಿರ್ದೇಶಕರ ನೇಮಕಕ್ಕೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಸಹಮತಿ ಬೇಕಿತ್ತು. ಹೊಸ ಕಲಂ ವಕೀಲಿಯ ಅನುಭವವನ್ನು ಹತ್ತು ವರ್ಷದಿಂದ ಹದಿನೈದಕ್ಕೆ ಏರಿಸಿತು, ಸೆಷನ್ಸ್ ನ್ಯಾಯಾಧೀಶರಾಗಿರುವವರಿಗೂ ಆಗಿದ್ದವರಿಗೂ ಬಾಗಿಲು ತೆರೆಯಿತು, ಆದರೆ ಆ ಸಹಮತಿಯ ಮಾತನ್ನು ಕೈಬಿಟ್ಟಿತು. ಅರ್ಹತೆ ಹೆಚ್ಚಿತು, ಹೊರಗಿನ ಕಣ್ಣು ಕಡಿಮೆಯಾಯಿತು. ನಮ್ಮವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠರ ಸಮಿತಿ 2003ರಲ್ಲಿ ಕ್ರಿಮಿನಲ್ ನ್ಯಾಯವ್ಯವಸ್ಥೆಯ ಬಗ್ಗೆ ಅನೇಕ ಒಳ್ಳೆಯ ಸಲಹೆಗಳನ್ನು ಕೊಟ್ಟರೂ, ನಿರ್ದೇಶಕರ ಹುದ್ದೆಗೆ ಡಿ.ಜಿ.ಪಿ. ದರ್ಜೆಯ ಪೊಲೀಸ್ ಅಧಿಕಾರಿಯೇ ಬರಲೆಂದು ಹೇಳಿದ್ದನ್ನು ಗೌರವದಿಂದಲೇ ನಾನು ಒಪ್ಪಲಾರೆ.

ಇಂಗ್ಲೆಂಡಿನಲ್ಲಿ 1986ರಿಂದ ಕೆಲಸ ಮಾಡುತ್ತಿರುವ ಕ್ರೌನ್ ಪ್ರಾಸಿಕ್ಯೂಷನ್ ಸರ್ವಿಸ್‌ನ (ಅಲ್ಲಿಯ ಸರ್ಕಾರಿ ಅಭಿಯೋಜನಾ ಸಂಸ್ಥೆಯ) ಮೇಲೆ ಸ್ವತಂತ್ರ ಪರಿವೀಕ್ಷಣಾ ಸಂಸ್ಥೆಯೊಂದನ್ನು 2000ದ ಕಾಯ್ದೆಯಿಂದ ಸ್ಥಾಪಿಸಿದ್ದಾರೆ. ಅಲ್ಲಿಯ ಪರಿವೀಕ್ಷಕರು ಮುಗಿದ ಪ್ರಕರಣಗಳ ಕಡತಗಳನ್ನು ತೆಗೆದು, ತೀರ್ಮಾನಗಳಿಗೆ ಬರೆದ ಕಾರಣ ಸರಿಯಿತ್ತೇ ಎಂದು ನೋಡಿ ವರದಿ ಪ್ರಕಟಿಸುತ್ತಾರೆ. ನೀವು ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ಅಂಥ ಏರ್ಪಾಟು ನಮ್ಮಲ್ಲಿ ಹೇಗಿರಬೇಕೆಂಬುದನ್ನು ಆರಿಸಿಕೊಳ್ಳಿ. ಗಮನಿಸಿ, ಕಾರಣ ಬರೆದಿಡುವ ರೂಢಿ ಇದ್ದರೆ ಮಾತ್ರ ಪರಿವೀಕ್ಷಕರಿಗೆ ಓದಲು ಏನಾದರೂ ಸಿಗುತ್ತದೆ.

ಪ್ರಶ್ನೆ: ಮಗ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ಅಲ್ಲಿ ಸುಳ್ಳು ಪ್ರಕರಣ ನಡೆಸಿದ ಸರ್ಕಾರಿ ವಕೀಲರೊಬ್ಬರು ಜೈಲಿಗೆ ಹೋದರೆಂದು ಹೇಳುತ್ತಾನೆ. ನಿಜವೇ? ನಮ್ಮಲ್ಲಿ ಹಾಗೆ ಏಕಿಲ್ಲ? (ತೀರ್ಥಹಳ್ಳಿ, ನಿವೃತ್ತ ಶಿಕ್ಷಕರು)

ಉತ್ತರ: ಅರ್ಧ ನಿಜ, ಮೇಷ್ಟ್ರೇ. ಮೈಕೆಲ್ ಮಾರ್ಟನ್ ಎಂಬವರಿಗೆ ಹೆಂಡತಿಯನ್ನು ಕೊಂದ ಆರೋಪದಲ್ಲಿ 1987ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಕೊಂದವನು ಅಪ್ಪನಲ್ಲ, ಅಪ್ಪ ಮನೆಯಲ್ಲಿರಲಿಲ್ಲ ಎಂದು ಮೂರು ವರ್ಷದ ಮಗ ಅಜ್ಜಿಗೆ ಹೇಳಿದ್ದು ಪೊಲೀಸ್ ಕಡತದಲ್ಲಿತ್ತು, ಆದರೆ ಆರೋಪಿಯ ಕಡೆಯವರ ಕೈಗೆ ಅದು ಸಿಗಲಿಲ್ಲ. ಮನೆಯ ಹತ್ತಿರ ಸಿಕ್ಕಿದ್ದ ರಕ್ತದ ಕರವಸ್ತ್ರದ ಡಿ.ಎನ್.ಎ. ಪರೀಕ್ಷೆಯಿಂದ ಅವರು ನಿರಪರಾಧಿಯೆಂದು ತಿಳಿದು ಹೊರಬಂದದ್ದು 2011ರಲ್ಲಿ, ಹೆಚ್ಚುಕಡಿಮೆ 25 ವರ್ಷಗಳ ಮೇಲೆ. ಆ ವೇಳೆಗೆ ನ್ಯಾಯಾಧೀಶರೇ ಆಗಿದ್ದ ಅಂದಿನ ಅಭಿಯೋಜಕರು 2013ರಲ್ಲಿ ವಕೀಲಿ ಸನ್ನದನ್ನು ಒಪ್ಪಿಸಿದರು, ಅವರಿಗೆ ಆದ ಜೈಲು ಶಿಕ್ಷೆ ಹತ್ತು ದಿನ. 25 ವರ್ಷಕ್ಕೆ ಹತ್ತು ದಿನವೆಂಬುದನ್ನು ಮಗನಿಗೆ ಹೇಳಿ. ಅದೇ ವರ್ಷ ಟೆಕ್ಸಾಸ್ ತನ್ನ ಕಾನೂನು ಬದಲಿಸಿ, ಅಭಿಯೋಜಕರು ತಮ್ಮ ಕಡತವನ್ನು ಆರೋಪಿಯ ವಕೀಲರಿಗೆ ತೆರೆದಿಡಬೇಕೆಂದಿತು. ಆರೋಪಿಗೆ ಅನುಕೂಲವಾದ ಪುರಾವೆ ಮುಚ್ಚಿಡುವುದು ಸಂವಿಧಾನ ವಿರೋಧಿಯೆಂದು ಅಲ್ಲಿಯ ಸುಪ್ರೀಂ ಕೋರ್ಟು ಬ್ರಾಡಿ ಪ್ರಕರಣದಲ್ಲಿ 1963ರಲ್ಲೇ ಹೇಳಿದ್ದರೂ, ವಿಚಾರಣೆಯಲ್ಲಿ ಮಾಡಿದ ಕೆಲಸಕ್ಕೆ ಅಭಿಯೋಜಕರ ಮೇಲೆ ಪರಿಹಾರದ ದಾವೆ ಹೂಡುವಂತಿಲ್ಲವೆಂದು 1976ರಲ್ಲಿ ಅದೇ ನ್ಯಾಯಾಲಯ ರಕ್ಷಣೆ ಕೊಟ್ಟಿದೆ.

ಅಲ್ಲಿಯ ಜಿಲ್ಲಾ ಅಭಿಯೋಜಕರು ಬಹುತೇಕ ರಾಜ್ಯಗಳಲ್ಲಿ ಚುನಾವಣೆಯಲ್ಲಿ ಗೆದ್ದು ಬರುವವರು, ಆದ್ದರಿಂದ ಶಿಕ್ಷೆ ಕೊಡಿಸಿದ ಲೆಕ್ಕ ಅವರಿಗೆ ಮುಖ್ಯವಾಗುತ್ತದೆ. ನಮ್ಮಲ್ಲಿ ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಆ ಬಗೆಯವಲ್ಲ. ಕಡತ ಓದದಿರುವುದು, ಸಾಕ್ಷಿಯನ್ನು ಸಿದ್ಧಪಡಿಸದಿರುವುದು, ಮೇಲಿನವರ ಮಾತಿಗೆ ತಲೆಯಾಡಿಸುವುದು, ಇಂಥವು. ತಪ್ಪಾಗಿ ಪ್ರಕರಣದಲ್ಲಿ ಸಿಲುಕಿದವರಿಗೆ ಸರ್ಕಾರ ಪರಿಹಾರ ಕೊಡುವ ಕಾನೂನು ಬೇಕೆಂದು ನಮ್ಮ ಕಾನೂನು ಆಯೋಗ 2018ರ ಆಗಸ್ಟಿನಲ್ಲಿ 277ನೇ ವರದಿ ಕೊಟ್ಟಿದೆ. ಹೊಸ ಸಂಹಿತೆ ಬರುವಾಗ ಆ ವರದಿಯ ಕರಡನ್ನು ಸೇರಿಸಿಕೊಳ್ಳಲಿಲ್ಲ.

ಪ್ರಶ್ನೆ: ನಮ್ಮ ಪ್ರಕರಣ ಚೆನ್ನಾಗಿ ನಡೆಯಬೇಕಾದರೆ 'ಸಾಹೇಬರಿಗೆ ಖರ್ಚಿಗೆ' ಕೊಡಬೇಕೆಂದು ಮಧ್ಯವರ್ತಿಯೊಬ್ಬ ಹೇಳುತ್ತಾನೆ. ಕೊಟ್ಟರೆ ನಮಗೂ ತೊಂದರೆಯೇ? (ಭದ್ರಾವತಿ)

ಉತ್ತರ: ಹೌದು, ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು ಏಳು ದಿನಗಳ ಒಳಗೆ ದೂರು ಕೊಟ್ಟರೆ ಮಾತ್ರ 2018ರ ತಿದ್ದುಪಡಿಯಂತೆ ರಕ್ಷಣೆಯಿದೆ. ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರ ಬಳಿಗೆ ಹೋಗಿ. 2022ರ ಆಗಸ್ಟಿನಲ್ಲಿ ಹೈಕೋರ್ಟು ಎ.ಸಿ.ಬಿ.ಯನ್ನು (ಭ್ರಷ್ಟಾಚಾರ ನಿಗ್ರಹ ದಳವನ್ನು) ರದ್ದುಗೊಳಿಸಿದ ಮೇಲೆ ಈ ಅಧಿಕಾರ ಅವರಿಗೆ ಮರಳಿದೆ. ಮಧ್ಯವರ್ತಿ ಸಾಹೇಬರ ಹೆಸರು ಹೇಳಿ ತನ್ನ ಜೇಬಿಗೇ ಇಳಿಸುತ್ತಿರುವುದೂ ಉಂಟು.

ಪ್ರಶ್ನೆ: ಸರ್ಕಾರ ಬದಲಾದಾಗಲೆಲ್ಲ ಕೆಲವರ ಮೇಲಿನ ಪ್ರಕರಣ ಹಿಂಪಡೆಯುತ್ತಾರೆ. ಬಗರ್‌ಹುಕುಂ ಹೋರಾಟದ ರೈತರ ಮೇಲಿನದನ್ನು ತೆಗೆದರೆ ನಮಗೂ ಸಂತೋಷ. ಆದರೆ ಕಲ್ಲು ತೂರಿದವರದನ್ನೂ ತೆಗೆಯುತ್ತಾರೆ. ಇದನ್ನು ತೀರ್ಮಾನಿಸಬೇಕಾದವರು ಯಾರು? (ಸೊರಬ)

ಉತ್ತರ: ಕಾನೂನಿನ ಪ್ರಕಾರ ಅಭಿಯೋಜಕರು, ನ್ಯಾಯಾಲಯದ ಒಪ್ಪಿಗೆಯೊಂದಿಗೆ. ಹಳೆಯ 321ನೇ, ಈಗಿನ 360ನೇ ಕಲಮಿನಲ್ಲಿ ಸಚಿವ ಸಂಪುಟದ ಹೆಸರೇ ಇಲ್ಲ. ಸರ್ಕಾರ ಸಲಹೆ ಕೊಡಬಹುದು, ಆದರೆ ಪಿ.ಪಿ.ಯವರು ತಾವೇ ಕಡತ ನೋಡಿ, ಸಾರ್ವಜನಿಕ ಹಿತಕ್ಕೆ ಹಿಂಪಡೆಯುವುದು ಅಗತ್ಯವೆಂದು ತಮ್ಮ ಬುದ್ಧಿಯಿಂದ ತೀರ್ಮಾನಿಸಬೇಕು. ನಡೆಯುವುದು ತಲೆಕೆಳಗಾಗಿ: ಸಂಪುಟ ತೀರ್ಮಾನಿಸುತ್ತದೆ, ಆದೇಶ ಬರುತ್ತದೆ, ಅಭಿಯೋಜಕರು ಅರ್ಜಿಗೆ ಸಹಿ ಹಾಕುತ್ತಾರೆ. ಇದರಲ್ಲಿ ಯಾವ ಪಕ್ಷವೂ ಹಿಂದೆ ಬಿದ್ದಿಲ್ಲ.

ಕೇರಳದ ವಿಧಾನಸಭೆಯೊಳಗೆ ಪೀಠೋಪಕರಣ ಮುರಿದ ಶಾಸಕರ ಪ್ರಕರಣ ಹಿಂಪಡೆಯಲು ಸುಪ್ರೀಂ ಕೋರ್ಟು 2021ರ ಜುಲೈಯಲ್ಲಿ ಒಪ್ಪಲಿಲ್ಲ. ಮರು ತಿಂಗಳು, ಹಾಲಿ ಮತ್ತು ಮಾಜಿ ಶಾಸಕ, ಸಂಸದರ ಮೇಲಿನ ಪ್ರಕರಣಗಳನ್ನು ಹೈಕೋರ್ಟಿನ ಅನುಮತಿಯಿಲ್ಲದೆ ಹಿಂಪಡೆಯಕೂಡದೆಂದಿತು. ನಮ್ಮ ರಾಜ್ಯದಲ್ಲಿ 2024ರ ಅಕ್ಟೋಬರಿನಲ್ಲಿ 43 ಪ್ರಕರಣಗಳನ್ನು ಹಿಂಪಡೆಯಲು ಹೊರಡಿಸಿದ ಆದೇಶವನ್ನು, ಅದರಲ್ಲಿ 2022ರ ಹಳೇ ಹುಬ್ಬಳ್ಳಿ ಗಲಭೆಯ ಪ್ರಕರಣವೂ ಇತ್ತು, 2025ರ ಮೇ ತಿಂಗಳಲ್ಲಿ ಹೈಕೋರ್ಟು ರದ್ದುಪಡಿಸಿತು. ಹೊಸ 360ನೇ ಕಲಮಿನಲ್ಲಿ ನೊಂದವರ ಮಾತು ಕೇಳದೆ ಹಿಂಪಡೆಯಲು ಅನುಮತಿ ಕೊಡಬಾರದೆಂಬ ಪರಂತುಕ ಸೇರಿದೆ. ಕಲ್ಲೇಟು ತಿಂದವರು, ಅಂಗಡಿ ಸುಟ್ಟುಕೊಂಡವರು ಇದನ್ನು ಬಳಸಿಕೊಳ್ಳಬೇಕು. ರೈತರ ವಿಚಾರದಲ್ಲೂ ಅಷ್ಟೇ: ಹೋರಾಟ ನ್ಯಾಯವಾದದ್ದೆಂದು ನನಗೂ ಅನ್ನಿಸಬಹುದು, ಆದರೆ ಆ ಕಾರಣವನ್ನು ಅರ್ಜಿಯಲ್ಲಿ ಬರೆದು ನ್ಯಾಯಾಧೀಶರಿಗೆ ಮನವರಿಕೆ ಮಾಡಬೇಕಾದವರು ಅಭಿಯೋಜಕರೇ.

ಪ್ರಶ್ನೆ: ನಾನು ಮಲೆನಾಡಿನ ತಾಲ್ಲೂಕೊಂದರಲ್ಲಿ ಎ.ಪಿ.ಪಿ. ನಿಮ್ಮ ಅಂಕಣ ಓದಿದವರು ನಮ್ಮನ್ನೆಲ್ಲ ಕಳ್ಳರೆಂದುಕೊಳ್ಳುತ್ತಾರೆ. ಒಬ್ಬಳೇ ಎರಡು ನ್ಯಾಯಾಲಯ ನೋಡಿಕೊಳ್ಳಬೇಕು. ಸಾಕ್ಷಿಗೆ ಸಮನ್ಸ್ ಜಾರಿಯಾಗಿರುವುದಿಲ್ಲ, ಪ್ರಯೋಗಾಲಯದ ವರದಿ ಬಂದಿರುವುದಿಲ್ಲ, ತನಿಖಾಧಿಕಾರಿ ವರ್ಗವಾಗಿ ಹೋಗಿರುತ್ತಾರೆ. ಕಡತ ಕೈಗೆ ಬರುವುದು ಬೆಳಿಗ್ಗೆ ಹತ್ತೂವರೆಗೆ. ಖುಲಾಸೆಯಾದರೆ ನೋಟಿಸ್ ಮಾತ್ರ ನಮಗೆ. ಇನ್ನೊಂದು ಮಾತು: ಒಂದು ಪ್ರಕರಣದಲ್ಲಿ ಗಟ್ಟಿಯಾಗಿ ವಾದಿಸಬೇಡಿ ಎಂದು ಮೇಲಿನಿಂದ ಫೋನು ಬಂತು. ನಾನು ಏನು ಮಾಡಬೇಕಿತ್ತು? (ಹೆಸರು, ಊರು ಬೇಡ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಮೇಡಂ. ಹೇಳಿದ ಕಷ್ಟಗಳಲ್ಲಿ ಒಂದೂ ಉತ್ಪ್ರೇಕ್ಷೆಯಲ್ಲ. ಮಳೆಗಾಲದಲ್ಲಿ ಬೆಟ್ಟದ ಮೇಲಿನ ಹಳ್ಳಿಯಿಂದ ಸಾಕ್ಷಿ ಬರಲಾಗದೆ ವಾಯಿದೆ ಮುಂದಕ್ಕೆ ಹೋದದ್ದಕ್ಕೂ ಅಭಿಯೋಜಕರನ್ನೇ ಬೈಯುವವರನ್ನು ನಾನು ಕಂಡಿದ್ದೇನೆ. ಶಿಕ್ಷೆಯ ಪ್ರಮಾಣವನ್ನೇ ಅಳತೆಗೋಲು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ದುರ್ಬಲ ಪ್ರಕರಣದಲ್ಲೂ ಹಟ ಹಿಡಿಯುವ ಅಭಿಯೋಜಕರು ಬೆಳೆಯುತ್ತಾರೆ, ಹಮಾಲಿಯ ತಾಯಿ ಬರೆದ ಪತ್ರ ಅದನ್ನೇ ಹೇಳುತ್ತದೆ. ನಾನು ಕೇಳುತ್ತಿರುವ ಮೇಲ್ವಿಚಾರಣೆ ಗೆಲುವು ಸೋಲಿನ ಲೆಕ್ಕವಲ್ಲ. ಪ್ರತ್ಯಕ್ಷದರ್ಶಿಯನ್ನು ಕೈಬಿಟ್ಟಾಗ, ವಶಪಡಿಸಿಕೊಂಡ ವಸ್ತುವನ್ನು ಬದಿಗಿಟ್ಟಾಗ, ಹಿಂಪಡೆಯಲು ಅರ್ಜಿ ಹಾಕಿದಾಗ, ಮೇಲ್ಮನವಿ ಬೇಡವೆಂದಾಗ, ಆ ತೀರ್ಮಾನಕ್ಕೆ ನಾಲ್ಕು ಸಾಲಿನ ಕಾರಣ ಕಡತದಲ್ಲಿರಬೇಕು, ಮತ್ತು ಒಳಾಡಳಿತ ಇಲಾಖೆಗೆ ಸೇರದ ಯಾರಾದರೂ, ನಿವೃತ್ತ ಜಿಲ್ಲಾ ನ್ಯಾಯಾಧೀಶರೇ ಆಗಲಿ, ಅಂಥ ಕಡತಗಳನ್ನು ಆಗಾಗ ತೆಗೆದು ಓದಬೇಕು. ಹಾಗಾದರೆ ಸಮನ್ಸ್ ಜಾರಿ ಮಾಡದ ಪೊಲೀಸರ ಹೆಸರೂ, ವರದಿ ಕೊಡದ ಪ್ರಯೋಗಾಲಯದ ಹೆಸರೂ ಬರಹದಲ್ಲಿ ಬರುತ್ತದೆ. ಈಗಿನಂತೆ ನೋಟಿಸ್ ನಿಮಗೊಬ್ಬರಿಗೇ ಬರುವುದಿಲ್ಲ.

ಅಭಿಯೋಜಕರನ್ನು ಆರಿಸುವ ಕೈ ಯಾವುದೆಂಬುದು ಎಷ್ಟು ಮುಖ್ಯವೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆಯಿದೆ. ತಮಿಳುನಾಡಿನಲ್ಲಿ ನ್ಯಾಯಯುತ ವಿಚಾರಣೆ ಸಾಧ್ಯವಿಲ್ಲವೆಂದು ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನು ಸುಪ್ರೀಂ ಕೋರ್ಟು 2003ರ ನವೆಂಬರಿನಲ್ಲಿ ಬೆಂಗಳೂರಿಗೆ ವರ್ಗಾಯಿಸಿತು. ಹಾಗಿದ್ದೂ ಹೈಕೋರ್ಟಿನ ಮೇಲ್ಮನವಿಯ ಹಂತದಲ್ಲಿ ವಿಶೇಷ ಅಭಿಯೋಜಕರನ್ನು ನೇಮಿಸಿದ್ದು ತಮಿಳುನಾಡು ಸರ್ಕಾರವೇ. ಆ ನೇಮಕಕ್ಕೆ ಅಧಿಕಾರವೇ ಇರಲಿಲ್ಲವೆಂದು 2015ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ತೀರ್ಪು ಕೊಡಬೇಕಾಯಿತು.

ನಿಮಗೆ ಬಂದ ಫೋನಿನ ವಿಷಯ. ಆ ದಿನ ನೀವು ಹೇಗೆ ವಾದಿಸಿದಿರೆಂದು ಬರೆದಿಲ್ಲ, ನಾನೂ ಕೇಳುವುದಿಲ್ಲ. ಸರ್ಕಾರಿ ಅಧಿಕಾರಿಗಳು ಮೌಖಿಕ ಆದೇಶದ ಮೇಲೆ ನಡೆಯಬಾರದು, ಅಂಥದ್ದು ಬಂದರೆ ಬರಹದಲ್ಲಿ ದಾಖಲಿಸಬೇಕೆಂದು ಸುಪ್ರೀಂ ಕೋರ್ಟು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ 2013ರ ಅಕ್ಟೋಬರ್ 31ರಂದು ಹೇಳಿದೆ. ಮುಂದಿನ ಸಲ ಫೋನಿಟ್ಟ ಕೂಡಲೇ, 'ಇಂಥ ದಿನ, ಇಷ್ಟು ಹೊತ್ತಿಗೆ ತಾವು ದೂರವಾಣಿಯಲ್ಲಿ ತಿಳಿಸಿದಂತೆ...' ಎಂದು ಆರಂಭಿಸಿ, ಸೂಚನೆಯನ್ನು ಯಥಾವತ್ತಾಗಿ ಬರೆದು, ಲಿಖಿತವಾಗಿ ದೃಢಪಡಿಸುವಂತೆ ಕೋರಿ ಅವರಿಗೇ ಪತ್ರ ಕಳುಹಿಸಿ. ರವಾನೆ ಪುಸ್ತಕದಲ್ಲಿ ಸಂಖ್ಯೆ ಹಾಕಿಸಿ, ಪ್ರತಿಯನ್ನು ಪ್ರಕರಣದ ಕಡತದಲ್ಲಿಡಿ. ಉತ್ತರ ಬರುವವರೆಗೆ, ಬಾರದಿದ್ದರೂ, ವಾದವನ್ನು ದಾಖಲೆಯಲ್ಲಿರುವ ಸಾಕ್ಷ್ಯ ಹೇಳುವಂತೆ ಮಂಡಿಸಿ.